ಗುಡ್ಡದ ಬುಡದಿಂದ ಜಿನೀವಾದ ವರೆಗೆ

(ಶತಮಾನೋತ್ಸವದ ವಿಚಾರಗೋಷ್ಠಿಯಲ್ಲಿ ಹಳೆ ವಿದ್ಯಾರ್ಥಿ ಸಂಘದ ಪರವಾಗಿ ಮಾಡಿದ ಉಪನ್ಯಾಸದ ಬರಹರೂಪ)



‘ಜಗತ್ತಿನ ಸಮಸ್ಯೆಗಳು ಮತ್ತು ಜನಸಾಮಾನ್ಯರ ಪಾತ್ರ’ ಎಂಬ ವಿಷಯವನ್ನು ಸಮಿತಿಯವರು ನಮಗೆ ವಹಿಸಿಕೊಟ್ಟಿದ್ದಾರೆ. ಇಂಥ ವಿಷಯದ ಉಪನ್ಯಾಸಗಳು ಸಾಮಾನ್ಯವಾಗಿ ಧ್ರುವಪ್ರದೇಶದ ಹಿಮ ಕರಗುವುದರಿಂದ ಆರಂಭವಾಗಿ, ಒಬ್ಬೊಬ್ಬರು ಒಂದೊಂದು ಗಿಡ ನೆಡೋಣ ಎಂಬಲ್ಲಿಗೆ ಮುಗಿಯುತ್ತವೆ. ಗಿಡ ನೆಡುವುದು ಒಳ್ಳೆಯದೇ. ಈ ಶಾಲೆಯ ಆವರಣದಲ್ಲೂ ಸಾಕಷ್ಟು ನೆಟ್ಟಿದ್ದೇವೆ, ಅವುಗಳಲ್ಲಿ ಕೆಲವು ಬದುಕಿಯೂ ಇವೆ. ಆದರೆ ಅಷ್ಟು ದೊಡ್ಡ ರೋಗಕ್ಕೆ ಇಷ್ಟು ಸಣ್ಣ ಮದ್ದು ಹೇಳಿದರೆ ಕೇಳಿದವರ ಮನಸ್ಸಿನಲ್ಲಿ ಉಳಿಯುವುದು ನಂಬಿಕೆಯಲ್ಲ, ಸಂಶಯ. ಆದುದರಿಂದ ನಾವು ದೂರದ ಮಾತನ್ನು ಬಿಟ್ಟು, ನಮ್ಮ ಕಾಸರಗೋಡಿನ ನೆಲದಲ್ಲೇ ನಡೆದ ಒಂದು ಪ್ರಕರಣವನ್ನು ತುಸು ವಿಸ್ತಾರವಾಗಿ ಸಭೆಯ ಮುಂದಿಡಬಯಸುತ್ತೇವೆ. ಅದು ಎಂಡೋಸಲ್ಫಾನ್ ಪ್ರಕರಣ. ಇಲ್ಲಿ ಕುಳಿತ ಹಿರಿಯರಿಗೆ ಅದರ ನೋವು ಗೊತ್ತಿದೆ. ಆದರೆ ಹಿಂದಿನ ಸಾಲಿನಲ್ಲಿ ಕುಳಿತ ಮಕ್ಕಳು ಹುಟ್ಟುವಷ್ಟರಲ್ಲಿ ಅದರ ದೊಡ್ಡ ತೀರ್ಪುಗಳೆಲ್ಲ ಆಗಿಹೋಗಿದ್ದವು. ಅವರಿಗೆ ಅದು ಪತ್ರಿಕೆಯ ಒಂದು ಶಬ್ದ ಮಾತ್ರ.

ಗೇರು ನಮ್ಮ ಗುಡ್ಡಗಳಿಗೆ ಹೊಸದಲ್ಲ. ರಾಜ್ಯ ಸರಕಾರದ ಒಡೆತನದ ನಿಗಮವೊಂದು ಈ ಜಿಲ್ಲೆಯ ಗುಡ್ಡಗಳಲ್ಲಿ ನಾಲ್ಕು ಸಾವಿರ ಹೆಕ್ಟೇರಿಗೂ ಮಿಕ್ಕಿದ ವಿಸ್ತಾರದಲ್ಲಿ ಗೇರು ತೋಟ ಎಬ್ಬಿಸಿತು. ಗೇರು ಚಿಗುರಿ ಹೂ ಬಿಡುವ ಕಾಲಕ್ಕೆ ಟೀ ಸೊಳ್ಳೆ ಎಂಬ ಕೀಟ ಬಂದು ರಸ ಹೀರುತ್ತದೆ. ಚಿಗುರು ಕರಟಿ ಫಸಲು ಹೋಗುತ್ತದೆ. ಅದನ್ನು ತಡೆಯಲು 1970ರ ದಶಕದ ಉತ್ತರಾರ್ಧದಿಂದ 2000ದ ವರೆಗೆ, ಎರಡು ದಶಕಗಳಿಗೂ ಹೆಚ್ಚು ಕಾಲ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ಸಿಂಪಡಿಸಲಾಯಿತು. ಸಿಂಪಡಿಸುವ ಮೊದಲು ಬಾವಿಗಳನ್ನು ಮುಚ್ಚಿಡಬೇಕೆಂಬ ಸೂಚನೆ ಹೊರಡುತ್ತಿತ್ತು. ನಮ್ಮ ನೆಲದ ಮೈಕಟ್ಟನ್ನು ಬಲ್ಲ ಯಾರೂ ಆ ಸೂಚನೆಯನ್ನು ಓದಿ ನಗದೆ ಇರಲಾರರು. ತೋಟ ಗುಡ್ಡದ ನೆತ್ತಿಯಲ್ಲಿ, ಮನೆ ಅದರ ಬುಡದಲ್ಲಿ. ಬಾವಿಗೆ ಸೋಗೆ ಮುಚ್ಚಬಹುದು. ಗುಡ್ಡದ ಹೊಟ್ಟೆಯಿಂದ ನೀರು ತರುವ ಸುರಂಗಕ್ಕೆ, ಅದು ಬಂದು ಬೀಳುವ ಕೆರೆಗೆ, ಹರಿಯುವ ತೋಡಿಗೆ, ಮೇಯುವ ದನಕ್ಕೆ, ಶಾಲೆಗೆ ನಡೆದುಹೋಗುವ ಮಗುವಿಗೆ ಏನನ್ನು ಮುಚ್ಚುವುದು?

ಮೊದಲು ಗಮನಿಸಿದವರು ವಿಜ್ಞಾನಿಗಳಲ್ಲ. ಜೇನುಹುಳುಗಳು ಸಾಯುತ್ತಿರುವುದನ್ನು ಜೇನು ಸಾಕಿದವರು ಕಂಡರು. ತೋಡಿನಲ್ಲಿ ಮೀನು, ಕಪ್ಪೆಗಳು ತೇಲಿದ್ದನ್ನು ಗದ್ದೆಗೆ ಹೋದವರು ಕಂಡರು. ಕರುಗಳು ವಿಕಾರವಾಗಿ ಹುಟ್ಟುವುದನ್ನು, ಹುಟ್ಟಿದವು ಬೆಳೆಯದಿರುವುದನ್ನು ದನ ಕಟ್ಟಿದವರು ಕಂಡರು. ಎಣ್ಮಕಜೆ ಪಂಚಾಯತಿನ ಪಡ್ರೆ ಗ್ರಾಮದ ರೈತರ ಈ ಮಾತನ್ನು ಕೇಳಿಸಿಕೊಂಡು ಪತ್ರಿಕೆಗೆ ಬರೆದವರು ಅದೇ ಊರಿನ ಕೃಷಿ ಪತ್ರಕರ್ತ ಶ್ರೀಪಡ್ರೆಯವರು. ಕರುವನ್ನು ಕಂಡು ಮನುಷ್ಯರ ಬಗ್ಗೆ ಚಿಂತಿಸಿದ ಆ ಬರಹಗಳು ಸಿಂಪಡಣೆ ಆರಂಭವಾದ ಕೆಲವೇ ವರ್ಷಗಳಲ್ಲಿ ಬಂದವು. ಅಂದರೆ ಎಚ್ಚರಿಕೆ ತಡವಾಗಿ ಬಂತೆಂದು ಯಾರೂ ಹೇಳುವಂತಿಲ್ಲ. ಅದು ಬೇಗನೇ ಬಂತು, ಕನ್ನಡ ಬಲ್ಲ ನಾಡಿನಿಂದಲೇ ಬಂತು.

1980ರ ದಶಕದಲ್ಲಿ ವಾಣೀನಗರದಲ್ಲಿ ಚಿಕಿತ್ಸಾಲಯ ತೆರೆದ ಡಾ. ವೈ. ಎಸ್. ಮೋಹನ ಕುಮಾರ್ ಅವರು ಇನ್ನೊಂದನ್ನು ಗಮನಿಸಿದರು. ಇಷ್ಟು ಸಣ್ಣ ಊರಿನಲ್ಲಿ ಇಷ್ಟೊಂದು ಅಪಸ್ಮಾರ, ಬುದ್ಧಿಮಾಂದ್ಯ, ಅಂಗವೈಕಲ್ಯ, ಮಾನಸಿಕ ರೋಗ, ಅರ್ಬುದ ಏಕೆ? ಒಂದೇ ತೋಡಿನ ಆಸುಪಾಸಿನ ಮನೆಗಳಲ್ಲೇ ಏಕೆ? ಊರವರಲ್ಲಿ ಅದಕ್ಕೆ ಉತ್ತರವಿತ್ತು: ದೈವದ ಮುನಿಸು. ವೈದ್ಯರಿಗೆ ಆ ಉತ್ತರ ಸಾಲಲಿಲ್ಲ. ನೀರಿನಲ್ಲಿ ಏನೋ ಇದೆಯೆಂದು ಶಂಕಿಸಿದರು. ಮನೆಮನೆಯ ಲೆಕ್ಕ ಇಟ್ಟರು. ವೈದ್ಯಕೀಯ ಪತ್ರಿಕೆಗೆ ಬರೆದು, ತಿಳಿದವರು ಬಂದು ನೋಡಬೇಕೆಂದು ಕೇಳಿಕೊಂಡರು. ಹಳ್ಳಿಯ ವೈದ್ಯನೊಬ್ಬ ಹೆಚ್ಚು ಹೊತ್ತು ಕುಳಿತು ಮಾಡಬಹುದಾದ ಕೆಲಸ ಇದು. ದಿನದ ಕೊನೆಗೆ ಒಂದು ಪುಸ್ತಕ ತೆರೆದು ಒಂದು ಗೆರೆ ಬರೆಯುವುದು. ಅದರಲ್ಲಿ ವೀರಾವೇಶವೇನೂ ಇಲ್ಲ.

ಅದೇ ಕಾಲಕ್ಕೆ, ಜಿಲ್ಲೆಯ ದಕ್ಷಿಣ ಭಾಗದ ಪೆರಿಯದಲ್ಲಿ ಕೃಷಿ ಇಲಾಖೆಯ ಉದ್ಯೋಗಿ ಲೀಲಾಕುಮಾರಿ ಅಮ್ಮ ಅವರು 1998ರಲ್ಲಿ ಹೊಸದುರ್ಗದ ಮುನ್ಸೀಫ್ ನ್ಯಾಯಾಲಯಕ್ಕೆ ಹೋದರು. ವೈಮಾನಿಕ ಸಿಂಪಡಣೆಗೆ ತಡೆಯಾಜ್ಞೆ ಪಡೆದರು. ಕೀಟನಾಶಕವನ್ನು ಶಿಫಾರಸು ಮಾಡುವ ಇಲಾಖೆಯಲ್ಲೇ ಸಂಬಳ ಪಡೆಯುತ್ತ, ಅದರ ವಿರುದ್ಧ ದೂರು ಕೊಡುವುದೆಂದರೇನೆಂದು ಸರಕಾರಿ ನೌಕರಿ ಮಾಡಿದವರಿಗೆ ನಾವು ವಿವರಿಸಬೇಕಾಗಿಲ್ಲ. ಮುನ್ಸೀಫ್ ನ್ಯಾಯಾಲಯ ನಮ್ಮ ನ್ಯಾಯವ್ಯವಸ್ಥೆಯ ಅತ್ಯಂತ ಕೆಳಗಿನ ಮೆಟ್ಟಿಲು. ಬೇಲಿ ಜಗಳ, ದಾರಿ ಜಗಳಗಳ ಜಾಗ. ಜಗತ್ತಿನ ಒಂದು ದೊಡ್ಡ ವಿಷದ ಮೇಲಿನ ಈ ಜಿಲ್ಲೆಯ ಮೊದಲ ತಡೆ ಬಂದದ್ದು ಆ ಮೆಟ್ಟಿಲಿನಿಂದ ಎಂಬುದನ್ನು ವಿದ್ಯಾರ್ಥಿಗಳು ನೆನಪಿಡಬೇಕು.

ಇಲ್ಲಿ ಗಡಿನಾಡಿನವರಾದ ನಮಗೆ ಮಾತ್ರ ಸುಲಭವಾಗಿ ಅರ್ಥವಾಗುವ ಒಂದು ಕಷ್ಟವನ್ನು ಹೇಳಬೇಕು. ಪಡ್ರೆಯಂಥ ಊರಿನಲ್ಲಿ ಒಂದು ಮನೆಯವರು ತುಳು ಆಡುತ್ತಾರೆ, ಪಕ್ಕದವರು ಹವ್ಯಕ ಕನ್ನಡ, ಇನ್ನೊಂದು ಮನೆಯವರು ಮರಾಟಿ ಅಥವಾ ಮಲೆಯಾಳ. ರೋಗಿ ತನ್ನ ಸಂಕಟವನ್ನು ತುಳುವಿನಲ್ಲಿ ಹೇಳಬೇಕು. ಅದು ಕನ್ನಡದಲ್ಲಿ ಅರ್ಜಿಯಾಗಬೇಕು. ಕಚೇರಿಗೆ ಹೋದಾಗ ಮಲೆಯಾಳವಾಗಬೇಕು. ಪ್ರಯೋಗಾಲಯಕ್ಕೂ ಉಚ್ಚ ನ್ಯಾಯಾಲಯಕ್ಕೂ ಇಂಗ್ಲಿಷಾಗಬೇಕು. ಪ್ರತಿ ದಾಟಿನಲ್ಲೂ ಒಂದಿಷ್ಟು ಸೋರಿಹೋಗುತ್ತದೆ. ಮನವಿ ಬರೆಯುವುದೇನೋ ಈ ನಾಡಿಗೆ ಹೊಸದಲ್ಲ. 1956ರಿಂದ ಈಚೆಗೆ ನಾವು ಬರೆದಷ್ಟು ಮನವಿಗಳನ್ನು ಬೇರೆ ಯಾವ ತಾಲೂಕಿನವರೂ ಬರೆದಿರಲಾರರು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರಿಗೆ ಸೇರಬೇಕೆಂದು 1967ರಲ್ಲಿ ಮಹಾಜನ ವರದಿ ಹೇಳಿದ ಬಳಿಕವೂ ಬರೆಯುತ್ತಲೇ ಬಂದಿದ್ದೇವೆ. ಆ ಅಭ್ಯಾಸವೂ ಇಲ್ಲಿ ಒಂದಿಷ್ಟು ಒದಗಿಬಂದಿರಬೇಕೆಂದು ನಮ್ಮ ಊಹೆ. ಆದರೆ ಈ ಮನವಿಗೆ ಕನ್ನಡಿಗರೊಬ್ಬರೇ ಸಾಲುತ್ತಿರಲಿಲ್ಲ. ಪೆರ್ಲ, ಪಡ್ರೆಗಳ ಕನ್ನಡ-ತುಳುವರು, ಪೆರಿಯ, ಬೋವಿಕಾನಗಳ ಮಲೆಯಾಳಿಗಳು ಒಂದೇ ಕಾಗದಕ್ಕೆ ರುಜು ಹಾಕಬೇಕಾಯಿತು. ಭಾಷೆಯ ವಿಷಯದಲ್ಲಿ ಎದುರುಬದುರು ನಿಂತವರು ನೀರಿನ ವಿಷಯದಲ್ಲಿ ಒಂದೇ ಕಡೆ ನಿಂತರು. ಮಲೆಯಾಳದ ಲೇಖಕ ಅಂಬಿಕಾಸುತನ್ ಮಾಙ್ಙಾಡ್ ಅವರು 2009ರಲ್ಲಿ ಪ್ರಕಟಿಸಿದ ಕಾದಂಬರಿಗೆ ನಮ್ಮ ಕನ್ನಡ ಪಂಚಾಯತಿನ ಹೆಸರನ್ನೇ, ‘ಎಣ್ಮಕಜೆ’ ಎಂದು, ಇಟ್ಟರು.

ಇನ್ನು, ಕಾಣುವುದು ಬೇರೆ, ಸಿದ್ಧಪಡಿಸುವುದು ಬೇರೆ. 2001ರಲ್ಲಿ ದಿಲ್ಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರದವರು ಪಡ್ರೆಯ ನೀರು, ಮಣ್ಣು, ರಕ್ತ, ಎದೆಹಾಲುಗಳ ಮಾದರಿಗಳನ್ನು ಪರೀಕ್ಷಿಸಿ, ಎಂಡೋಸಲ್ಫಾನ್ ಹೆಚ್ಚಿನ ಪ್ರಮಾಣದಲ್ಲಿದೆ ಎಂದರು. ಮತ್ತೊಂದು ಪ್ರಯೋಗಾಲಯ ಪರೀಕ್ಷಿಸಿ, ಹಾಗೇನೂ ಇಲ್ಲ ಎಂದಿತು. ಸಮಿತಿಗಳ ಮೇಲೆ ಸಮಿತಿಗಳು ಬಂದವು. ಕೆಲವು ರೋಗಕ್ಕೂ ಸಿಂಪಡಣೆಗೂ ಸಂಬಂಧವಿದೆ ಎಂದವು. ಕೇಂದ್ರವು ನೇಮಿಸಿದ ಸಮಿತಿಗಳು ಸಂಬಂಧ ಸಿದ್ಧವಾಗಿಲ್ಲ ಎಂದವು. ಆ ಸಮಿತಿಗಳನ್ನೆಲ್ಲ ಕಂಪೆನಿಗಳ ಕೈಗೊಂಬೆಗಳೆಂದು ತಳ್ಳಿಹಾಕುವುದು ಸುಲಭ. ನಾವು ಹಾಗೆ ಮಾಡುವುದಿಲ್ಲ. ಅವು ಕೇಳಬಹುದಾದ ಪ್ರಶ್ನೆಗಳಲ್ಲಿ ಒಂದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ: ಸಿಂಪಡಣೆಗೆ ಮೊದಲು ಈ ಊರುಗಳಲ್ಲಿ ಇಂಥ ರೋಗಗಳು ಎಷ್ಟಿದ್ದವು? ಯಾವ ಪಂಚಾಯತಿನಲ್ಲೂ, ಯಾವ ಆಸ್ಪತ್ರೆಯಲ್ಲೂ ಅಂಥ ಲೆಕ್ಕವಿರಲಿಲ್ಲ. ಅಜ್ಜ ಅಜ್ಜಿಯರ ನೆನಪಿತ್ತು. ನೆನಪನ್ನು ಸಾಕ್ಷಿಯೆಂದು ಒಪ್ಪುವ ಸಮಿತಿ ಎಲ್ಲಿಯೂ ಇಲ್ಲ.

ಈ ಪ್ರಶ್ನೆಗೆ ಭಾಗಶಃ ಉತ್ತರ ಕೊಟ್ಟವರು ಶಾಲಾ ಮಕ್ಕಳು. ಈ ಶಾಲೆಯ ಹಬ್ಬದಲ್ಲಿ ಈ ಸಂಗತಿಯನ್ನು ನಾವು ವಿಶೇಷವಾಗಿ ಹೇಳಲು ಬಯಸುತ್ತೇವೆ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಪ್ರಕರಣವನ್ನು ಕೈಗೆತ್ತಿಕೊಂಡ ಮೇಲೆ, ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ವಿಜ್ಞಾನಿಗಳು ಇಲ್ಲಿಗೆ ಬಂದರು. ಮೊದಲಿನ ಲೆಕ್ಕ ಇಲ್ಲದಿದ್ದರೆ, ಸಿಂಪಡಣೆಯಾದ ಊರನ್ನು ಸಿಂಪಡಣೆಯಾಗದ, ಉಳಿದೆಲ್ಲದರಲ್ಲಿ ಹೋಲುವ ಇನ್ನೊಂದು ಊರಿನೊಡನೆ ಹೋಲಿಸಬೇಕು. ಪಡ್ರೆಗೆ ಎದುರಾಗಿ ಅವರು ಆರಿಸಿದ್ದು ಮೀಂಜ ಪಂಚಾಯತನ್ನು. ಬಳಿಕ 2003ರಲ್ಲಿ ಪ್ರಕಟವಾದ ಅವರ ಪ್ರಬಂಧವೊಂದು ಗೇರು ಗುಡ್ಡದ ಬುಡದ ಊರಿನ 117 ಮಂದಿ ಮತ್ತು ಸಿಂಪಡಣೆಯಿಲ್ಲದ ಊರಿನ 90 ಮಂದಿ, ಒಟ್ಟು 207 ಶಾಲಾ ಬಾಲಕರ ಮೇಲೆ ಆಧರಿಸಿದುದು. ಎಲ್ಲರೂ 10ರಿಂದ 19 ವರ್ಷದೊಳಗಿನವರು. ಮೊದಲ ಗುಂಪಿನಲ್ಲಿ 100ಕ್ಕೆ 78 ಮಂದಿಯ ರಕ್ತದಲ್ಲಿ ಎಂಡೋಸಲ್ಫಾನ್ ಪತ್ತೆಯಾಯಿತು. ಎರಡನೆಯ ಗುಂಪಿನಲ್ಲಿ 100ಕ್ಕೆ 29 ಮಂದಿಯಲ್ಲಿ. ಸರಾಸರಿ ಪ್ರಮಾಣದಲ್ಲಿ ಐದು ಪಟ್ಟಿಗೂ ಹೆಚ್ಚಿನ ಅಂತರ. ಸಿಂಪಡಣೆಗೆ ಒಳಗಾದ ಬಾಲಕರು ಪ್ರಾಯಕ್ಕೆ ಬರುವುದು ತಡವಾಗುತ್ತಿರಬಹುದೆಂದು ಪ್ರಬಂಧ ಹೇಳಿತು. ಮಾದರಿ ಸಣ್ಣದೆಂಬುದನ್ನೂ ಮರೆಮಾಡಲಿಲ್ಲ. ಈ ಮಾದರಿಗಳು ಸಿಂಪಡಣೆ ನಿಂತ ತಿಂಗಳುಗಳ ಮೇಲೆ ತೆಗೆದವು ಎಂಬುದು ಗಮನಾರ್ಹ. ಸಿಂಪಡಣೆ ನಿಂತರೂ ವಿಷ ನಿಂತಿರಲಿಲ್ಲ.

ಆ 90 ಮಂದಿ ಬಾಲಕರ ಬಗ್ಗೆ ಯಾರೂ ಮಾತಾಡುವುದಿಲ್ಲ. ಗೇರು ಗುಡ್ಡದ ಬುಡದ ಹುಡುಗರಿಗೆ ತಮ್ಮ ಊರಿನ ಸತ್ಯ ಹೊರಬರಬೇಕೆಂಬ ಕಾರಣವಾದರೂ ಇತ್ತು. ಇನ್ನೊಂದು ಊರಿನ ಹುಡುಗರ ತಲೆಯ ಮೇಲೆ ಹೆಲಿಕಾಪ್ಟರ್ ಹಾರಿರಲಿಲ್ಲ. ಅವರಿಗೆ ಪರಿಹಾರ ಬರುವಂತಿರಲಿಲ್ಲ, ಚಿಕಿತ್ಸೆ ಬರುವಂತಿರಲಿಲ್ಲ, ಪತ್ರಿಕೆಯಲ್ಲಿ ಚಿತ್ರ ಬರುವಂತಿರಲಿಲ್ಲ. ಗುರುತಿಲ್ಲದ ಇನ್ನೊಂದು ಶಾಲೆಯ ಮಕ್ಕಳಿಗೋಸ್ಕರ ಕೈ ಚಾಚಿ ಸೂಜಿ ಚುಚ್ಚಿಸಿಕೊಂಡರು. ಅವರ ತಂದೆತಾಯಿಗಳು ಒಪ್ಪಿದರು. ಅವರಿಲ್ಲದಿದ್ದರೆ ಉಳಿದ 117 ಮಂದಿಯ ರಕ್ತಕ್ಕೆ ವಿಜ್ಞಾನದ ಕಣ್ಣಿನಲ್ಲಿ ಬೆಲೆಯಿರಲಿಲ್ಲ. ಸಾಮೂಹಿಕ ಕ್ರಿಯೆ ಎಂದೊಡನೆ ನಮ್ಮ ಕಣ್ಣಿಗೆ ಮೆರವಣಿಗೆ, ಘೋಷಣೆ, ಮುಷ್ಟಿ ಬಿಗಿದ ಕೈಗಳು ಬರುತ್ತವೆ. ನಮ್ಮ ಕಣ್ಣಿಗೆ ಬರಬೇಕಾದದ್ದು ಇನ್ನೂ ಒಂದಿದೆ: ಸಾಲಾಗಿ ನಿಂತು ತೋಳು ಮಡಚಿಕೊಂಡು ತರಗತಿಗೆ ಮರಳಿದ ಆ ಹುಡುಗರು. ಈಗ ಅವರು ಮೂವತ್ತು, ನಲ್ವತ್ತು ದಾಟಿದವರು. ಎಲ್ಲೋ ಅಂಗಡಿಯಲ್ಲಿ, ಕೊಲ್ಲಿ ರಾಷ್ಟ್ರದಲ್ಲಿ, ಅಡಕೆ ತೋಟದಲ್ಲಿ ಇರಬಹುದು. ತಮ್ಮ ರಕ್ತದ ಲೆಕ್ಕ ಪ್ರಪಂಚದ ವಿಜ್ಞಾನಿಗಳ ಮುಂದೆ ಹೋಯಿತೆಂಬುದು ಅವರಿಗೆ ತಿಳಿದಿದೆಯೋ ಇಲ್ಲವೋ.

ಈ ವರೆಗೆ ಹೇಳಿದ್ದು ಒಂದು ಜಿಲ್ಲೆಯ ಕಥೆ. ಇದು ಜಗತ್ತಿನ ಸಮಸ್ಯೆಯಾದದ್ದು ಆ ರಾಸಾಯನಿಕದ ಸ್ವಭಾವದಿಂದ. ಎಂಡೋಸಲ್ಫಾನ್ ಸುಲಭವಾಗಿ ಕರಗಿ ಹೋಗುವ ವಸ್ತುವಲ್ಲ. ಬಿಸಿಲಿನ ನಾಡಿನಲ್ಲಿ ಆವಿಯಾಗಿ ಗಾಳಿಯೊಡನೆ ಏರುತ್ತದೆ, ಶೀತಪ್ರದೇಶದಲ್ಲಿ ಇಳಿಯುತ್ತದೆ. ಮತ್ತೆ ಏರಿ ಮತ್ತೆ ಇಳಿಯುತ್ತ ಧ್ರುವದ ಕಡೆಗೆ ಸಾಗುತ್ತದೆ. ಗೇರನ್ನೇ ಕಾಣದ ಆರ್ಕ್ಟಿಕ್ ಪ್ರದೇಶದ ಗಾಳಿಯಲ್ಲಿ, ಹಿಮದಲ್ಲಿ, ಪ್ರಾಣಿಗಳ ಮೈಯಲ್ಲಿ ಅದು ಸಿಕ್ಕಿದೆ. ಇಂಥ ವಸ್ತುಗಳನ್ನು ಒಂದು ದೇಶ ನಿಷೇಧಿಸಿದರೆ ಸಾಲದು. ಅದಕ್ಕಾಗಿಯೇ 2001ರಲ್ಲಿ ಸ್ಟಾಕ್‌ಹೋಮ್ ಒಪ್ಪಂದ ಆಯಿತು. 2004ರಲ್ಲಿ ಜಾರಿಗೆ ಬಂತು. ಭಾರತ 2006ರಲ್ಲಿ ಸೇರಿತು. ಒಪ್ಪಂದದ ಪಟ್ಟಿಗೆ ಎಂಡೋಸಲ್ಫಾನನ್ನು ಸೇರಿಸಬೇಕೆಂದು 2007ರಲ್ಲಿ ಯೂರೋಪಿಯನ್ ಒಕ್ಕೂಟ ಸೂಚಿಸಿತು.

ಆಗ ಎಂಡೋಸಲ್ಫಾನಿನ ಅತಿ ದೊಡ್ಡ ಉತ್ಪಾದಕ ದೇಶ ನಮ್ಮದೇ ಆಗಿತ್ತು. ಆದುದರಿಂದ ಸಭೆಯಿಂದ ಸಭೆಗೆ ಭಾರತದ ಪ್ರತಿನಿಧಿಗಳು ಆಕ್ಷೇಪಿಸುತ್ತಲೇ ಬಂದರು. ಅದರಲ್ಲಿ ವಾದವೇ ಇರಲಿಲ್ಲ ಎನ್ನಲಾಗದು: ಅಗ್ಗದ ಕೀಟನಾಶಕ ಹೋದರೆ ಬಡ ರೈತ ದುಬಾರಿ ಪರದೇಶೀ ಔಷಧಿಗೆ ಬೀಳುತ್ತಾನೆ ಎಂಬುದು ಆ ವಾದ. ಅದೇ ಸಭಾಂಗಣಗಳಲ್ಲಿ, ಇದೇ ಭಾರತದ ಇನ್ನೊಂದು ಸ್ವರವೂ ಕೇಳಿಸಿತು. ತಿರುವನಂತಪುರದ ‘ತಣಲ್’ ಮೊದಲಾದ ಸಂಘಟನೆಗಳವರು ಕಾಸರಗೋಡಿನ ಚಿತ್ರಗಳನ್ನೂ ಲೆಕ್ಕಗಳನ್ನೂ ಅಲ್ಲಿಗೆ ಒಯ್ದಿದ್ದರು. 2011ರ ಎಪ್ರಿಲ್ 25ರಂದು ಜಿನೀವಾದಲ್ಲಿ ಒಪ್ಪಂದದ ಐದನೆಯ ಮಹಾಸಭೆ ತೆರೆದ ದಿನವೇ ಕೇರಳದ ಮುಖ್ಯಮಂತ್ರಿ ವಿ. ಎಸ್. ಅಚ್ಯುತಾನಂದನ್ ತಿರುವನಂತಪುರದಲ್ಲಿ ಒಂದು ದಿನದ ಉಪವಾಸ ಕುಳಿತರು. ಎಪ್ರಿಲ್ 29ರಂದು, ಕೆಲವು ಬೆಳೆಗಳಿಗೆ ಕಾಲಮಿತಿಯ ವಿನಾಯಿತಿಯೊಂದಿಗೆ, ಎಂಡೋಸಲ್ಫಾನ್ ಜಾಗತಿಕ ನಿಷೇಧದ ಪಟ್ಟಿಗೆ ಸೇರಿತು. ಎರಡು ವಾರ ಕಳೆದು ಮೇ 13ರಂದು ನಮ್ಮ ಸರ್ವೋಚ್ಚ ನ್ಯಾಯಾಲಯ ದೇಶದಲ್ಲಿ ಅದರ ಉತ್ಪಾದನೆ, ಮಾರಾಟ, ಬಳಕೆಗಳನ್ನು ತಡೆಯಿತು. ಗಡಿಯ ಆಚೆ ಕರ್ನಾಟಕದಲ್ಲಿ, ಬೆಳ್ತಂಗಡಿ ತಾಲೂಕಿನ ಕೊಕ್ಕಡ ಮೊದಲಾದ ಊರುಗಳಲ್ಲೂ ಗೇರು ತೋಟಗಳ ಸಿಂಪಡಣೆಯಿಂದ ಇದೇ ಬಗೆಯ ಸಂಕಟ ಕಾಣಿಸಿಕೊಂಡಿತ್ತು. ಆ ರಾಜ್ಯ ಕೆಲವು ತಿಂಗಳು ಮೊದಲೇ ನಿಷೇಧಿಸಿತ್ತು. ವಿಷಕ್ಕೆ ರಾಜ್ಯ ಪುನರ್ವಿಂಗಡಣೆಯ ಗೊಡವೆಯಿಲ್ಲ.

ಇಂಥದು ಇಲ್ಲಿ ಮಾತ್ರ ಆದದ್ದಲ್ಲ. ಓಜೋನ್ ಪದರವನ್ನು ಉಳಿಸುವ 1987ರ ಮಾಂಟ್ರಿಯಲ್ ಒಪ್ಪಂದದ ಹಿಂದೆಯೂ, ಸುಗಂಧದ್ರವ್ಯದ ಸ್ಪ್ರೇ ಡಬ್ಬಿಗಳನ್ನು ಕಾನೂನು ಬರುವ ಮೊದಲೇ ಕೊಳ್ಳದೆ ಬಿಟ್ಟ ಅಮೆರಿಕದ ಗೃಹಿಣಿಯರಿದ್ದರು. ವಿಜ್ಞಾನಿಗಳು ಎಚ್ಚರಿಸಿದರು, ಜನ ಡಬ್ಬಿ ಕೊಳ್ಳುವುದನ್ನು ಕಡಿಮೆ ಮಾಡಿದರು, ಆ ಮೇಲೆ ಸರಕಾರಗಳಿಗೆ ಧೈರ್ಯ ಬಂತು. ಆದರೆ ಅಂಗಡಿಯಲ್ಲಿ ಒಂದನ್ನು ಬಿಟ್ಟು ಇನ್ನೊಂದನ್ನು ಆರಿಸುವ ಸೌಕರ್ಯ ಗುಡ್ಡದ ಬುಡದವರಿಗೆ ಇರಲಿಲ್ಲ. ಗಾಳಿಯಲ್ಲಿ ಬಂದದ್ದನ್ನು ಕೊಳ್ಳುವುದಿಲ್ಲ ಎನ್ನಲಾಗುವುದಿಲ್ಲ.

ಗೆಲುವು ಎಂದು ಇದನ್ನು ಕರೆಯಲು ನಮಗೆ ನಾಲಿಗೆ ಏಳುವುದಿಲ್ಲ. ಮಾನವ ಹಕ್ಕುಗಳ ಆಯೋಗ 2010ರ ಡಿಸೆಂಬರಿನಲ್ಲೇ ಪರಿಹಾರವನ್ನು ಶಿಫಾರಸು ಮಾಡಿತ್ತು. ಬಾಧಿತರಿಗೆ ತಲಾ ಐದು ಲಕ್ಷ ರೂಪಾಯಿಯನ್ನು ಮೂರು ತಿಂಗಳೊಳಗೆ ಕೊಡಬೇಕೆಂದು ಸರ್ವೋಚ್ಚ ನ್ಯಾಯಾಲಯ 2017ರ ಜನವರಿಯಲ್ಲಿ ಆದೇಶಿಸಿತು. ಐದು ವರ್ಷ ಕಳೆದು 2022ರ ಮೇ ತಿಂಗಳಲ್ಲಿ ಅದೇ ನ್ಯಾಯಾಲಯ ನೋಡಿದಾಗ, 3,704 ಮಂದಿಯಲ್ಲಿ ಹಣ ಮುಟ್ಟಿದ್ದು ಎಂಟು ಮಂದಿಗೆ. ಅವರೂ ನ್ಯಾಯಾಂಗ ನಿಂದನೆಯ ಅರ್ಜಿ ಹಾಕಿದವರು. ಈ ನಡುವೆ ತಾಯಂದಿರು ನಡೆಯಲಾಗದ ಮಕ್ಕಳನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಇಲ್ಲಿಂದ ಆರುನೂರು ಕಿಲೋಮೀಟರಿನಷ್ಟು ದೂರದ ರಾಜಧಾನಿಗೆ ರೈಲಿನಲ್ಲಿ ಹೋಗಿ, ಸಚಿವಾಲಯದ ಮುಂದೆ ಸತ್ಯಾಗ್ರಹ ಕುಳಿತರು: 2016ರಲ್ಲಿ ಒಮ್ಮೆ, 2019ರಲ್ಲಿ ಇನ್ನೊಮ್ಮೆ. ನಿಷೇಧದ ಬಳಿಕವೂ ಉಳಿದ ಕೀಟನಾಶಕದ ದಾಸ್ತಾನು ತೋಟದ ಗೋದಾಮುಗಳಲ್ಲಿ ವರ್ಷಗಟ್ಟಲೆ ಕುಳಿತಿತ್ತು. ಪಟ್ಟಿಯಿಂದ ಯಾರನ್ನು ಬಿಟ್ಟರು, ಯಾರನ್ನು ಸೇರಿಸಿದರು ಎಂಬ ದೂರು ಈ ಹೊತ್ತಿಗೂ ನಮ್ಮ ಪಂಚಾಯತುಗಳಲ್ಲಿ ಕೇಳಿಸುತ್ತದೆ. ಜಗತ್ತಿನ ಒಪ್ಪಂದ ಜಗತ್ತಿಗೆ ಆಯಿತು. ಮನೆಯೊಳಗೆ ಮಲಗಿದ ಮಗುವಿಗೆ ಊಟ ಮಾಡಿಸುವ ಕೆಲಸ ತಾಯಿಗೇ ಉಳಿಯಿತು. ಅಂಥ ಮಕ್ಕಳಿಗಾಗಿ ಪಂಚಾಯತುಗಳಲ್ಲಿ ತೆರೆದ ‘ಬಡ್ಸ್’ ಶಾಲೆಗಳಲ್ಲಿ ದುಡಿಯುತ್ತಿರುವ ಅಧ್ಯಾಪಿಕೆಯರನ್ನೂ ಆಯಾಗಳನ್ನೂ ಈ ವೇದಿಕೆಯಿಂದ ನಾವು ಗೌರವದಿಂದ ಸ್ಮರಿಸುತ್ತೇವೆ. ಶತಮಾನ ಕಂಡ ಶಾಲೆಗಳಿಗೆ ಸ್ಮರಣ ಸಂಚಿಕೆ ಬರುತ್ತದೆ. ಅವಕ್ಕೆ ಒಂದು ಒಳ್ಳೆಯ ವಾಹನ ಬಂದರೆ ಸಾಕಾಗಿದೆ.

ಇನ್ನೊಂದು ಮಾತನ್ನೂ ಹೇಳಬೇಕು. ತೋಟದ ಕೂಲಿಯಿಂದಲೇ ಒಲೆ ಹೊತ್ತಿಸುತ್ತಿದ್ದ ಮನೆಗಳು ಇದೇ ಊರುಗಳಲ್ಲಿದ್ದವು. ಔಷಧಿಯನ್ನು ಬರಿಗೈಯಲ್ಲಿ ಕಲಸಿದವರು, ಹೊತ್ತವರು ಆ ಮನೆಯವರೇ. ಸಿಂಪಡಣೆ ನಿಲ್ಲಲಿ ಎಂದರೆ ಕೆಲಸ ನಿಲ್ಲಲಿ ಎಂದಂತೆ ಅವರಿಗೆ ಕೇಳಿಸಿದ್ದರೆ ಅದು ಅವರ ತಪ್ಪಲ್ಲ. ಒಂದೇ ಪಂಚಾಯತಿನೊಳಗೆ, ಕೆಲವೊಮ್ಮೆ ಒಂದೇ ಮನೆಯೊಳಗೆ, ಎರಡು ಅಭಿಪ್ರಾಯಗಳಿದ್ದವು. ಊರೆಲ್ಲ ಒಂದೇ ಮನಸ್ಸಿನಿಂದ ಎದ್ದು ನಿಂತಿತು ಎಂದು ಮುಂದೆ ಯಾರಾದರೂ ಬರೆದರೆ ನಂಬಬೇಡಿ. ಒಂದೇ ಮನಸ್ಸು ಬರುವ ತನಕ ಕಾಯುತ್ತಿದ್ದರೆ ಹೆಲಿಕಾಪ್ಟರ್ ಇಂದಿಗೂ ಹಾರುತ್ತಿತ್ತು.

ಪರವಿರೋಧದ ನಡುವೆಯೂ ಕೂಡಿ ದುಡಿಯುವ ಅಭ್ಯಾಸ ನಮ್ಮ ಹಿರಿಯರಿಗೆ ಇತ್ತು. ಏತಡ್ಕದಂಥ ಕಡೆಗಳಲ್ಲಿ ಮಳೆಗಾಲ ಮುಗಿದು ತೋಡಿನ ನೀರು ಇಳಿಯತೊಡಗಿದಾಗ ಕಟ್ಟ ಕಟ್ಟುತ್ತಾರೆ. ಕಲ್ಲು, ಮಣ್ಣು, ಅಡಕೆ ಮರದ ಸಲಾಕೆ, ಸೊಪ್ಪು. ಈಗೀಗ ಪ್ಲಾಸ್ಟಿಕ್ ಹಾಳೆಯೂ ಬಂದಿದೆ. ಮೇಲಿನವನು ಕಟ್ಟಿದರೆ ಕೆಳಗಿನವನ ಬಾವಿಯಲ್ಲೂ ನೀರು ನಿಲ್ಲುತ್ತದೆ. ಮೇಲಿನವನು ಮನಸ್ಸು ಮಾಡದಿದ್ದರೆ ಕೆಳಗಿನವನು ಏನು ಮಾಡಿದರೂ ಅಷ್ಟಕ್ಕಷ್ಟೆ. ಆದುದರಿಂದ ಮಾತಾಡಲೇಬೇಕು, ಗಡಿ ತಕರಾರಿದ್ದರೂ, ಮದುವೆಗೆ ಕರೆಯದಿದ್ದರೂ. ಮುಂದಿನ ಮಳೆಗೆ ಕಟ್ಟ ಹೋಗುತ್ತದೆ, ಮತ್ತೆ ಕಟ್ಟಬೇಕು. ಕೊಳವೆಬಾವಿ ಬಂದ ಮೇಲೆ ಈ ಮಾತುಕತೆಯ ಅಗತ್ಯ ಇಲ್ಲವಾಯಿತು, ಒಬ್ಬೊಬ್ಬನೂ ತನ್ನ ತನ್ನ ಅಡಿಗೆ ಇಳಿದ. ಹನ್ನೆರಡು ಹೊಳೆಗಳ ಜಿಲ್ಲೆಯಲ್ಲಿ ಮಾರ್ಚ್ ತಿಂಗಳಿಗೆ ಟ್ಯಾಂಕರ್ ಬರುವುದಕ್ಕೆ ಮಳೆ ಒಂದೇ ಕಾರಣವಲ್ಲ. ಹವಾಮಾನ ಬದಲಾವಣೆ ಎಂಬ ದೊಡ್ಡ ಶಬ್ದವನ್ನು ನಾವು ಈಗ ಕೇಳುತ್ತಿದ್ದೇವೆ. ಅದು ನಮ್ಮ ಊರಿಗೆ ಬಂದಾಗ ನೀರಿನ ರೂಪದಲ್ಲೇ ಬರುತ್ತದೆ.

ಅದಕ್ಕೂ ಒಂದು ದಿನ ಯಾರೋ ಬಂದು ಅದೇ ಪ್ರಶ್ನೆ ಕೇಳುತ್ತಾರೆ: ಮೊದಲು ಹೇಗಿತ್ತು? ಆ ಪ್ರಶ್ನೆಗೆ ಉತ್ತರ ಇಟ್ಟುಕೊಳ್ಳಬಲ್ಲ ಸಂಸ್ಥೆ ಊರಿನಲ್ಲಿ ಒಂದೇ, ಅದು ಶಾಲೆ. ಪಂಚಾಯತು ಸಮಿತಿ ಐದು ವರ್ಷಕ್ಕೊಮ್ಮೆ ಬದಲಾಗುತ್ತದೆ, ವೈದ್ಯರು ವರ್ಗವಾಗಿ ಹೋಗುತ್ತಾರೆ. ಶಾಲೆಯ ಕಪಾಟು ಮಾತ್ರ ಇದ್ದಲ್ಲೇ ಇರುತ್ತದೆ. ಈ ಸಂಚಿಕೆಯ ಸಿದ್ಧತೆಗೆಂದು ನಮ್ಮ ಸಂಘದವರು ಹಳೆಯ ಪ್ರವೇಶ ಪುಸ್ತಕಗಳನ್ನು ತೆರೆದು ನೋಡಿದರು. ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯ ಕಾಲದಿಂದ ಇಂದಿನ ವರೆಗೆ, ಆಡಳಿತ ಮೂರು ಬಾರಿ ಬದಲಾದರೂ, ಬರಹ ಕನ್ನಡದಲ್ಲೇ ಮುಂದುವರಿದಿದೆ. ಯಾವ ಮಗು ಯಾವಾಗ ಸೇರಿತು, ಯಾವಾಗ ಬಿಟ್ಟಿತು, ಏಕೆ ಬಿಟ್ಟಿತು. ‘ಅಸೌಖ್ಯ’ ಎಂದು ಕಾರಣ ಬರೆದ ಸಾಲುಗಳನ್ನು ಓದುವಾಗ, ಗುಡ್ಡದ ಬುಡದ ಶಾಲೆಗಳ ಪುಸ್ತಕಗಳಲ್ಲಿ ಅಂಥ ಸಾಲುಗಳು ಎಷ್ಟಿದ್ದಾವು, ಯಾವ ವರ್ಷದಿಂದ ಹೆಚ್ಚಾಗಿದ್ದಾವು ಎಂದು ನಾವು ಯೋಚಿಸಿದೆವು. ಆ ಪುಸ್ತಕಗಳಲ್ಲಿ ಎಷ್ಟು ಗೆದ್ದಲಿಗೆ ಹೋಗಿವೆಯೋ ದೇವರೇ ಬಲ್ಲ.

ಆದುದರಿಂದ ಸಂಘದ ಪರವಾಗಿ ಒಂದು ಬೇಡಿಕೆಯನ್ನು ಮುಖ್ಯೋಪಾಧ್ಯಾಯರ ಮುಂದಿಟ್ಟಿದ್ದೇವೆ, ಅವರು ಒಪ್ಪಿದ್ದಾರೆ. ಶತಮಾನೋತ್ಸವ ನಿಧಿಯಲ್ಲಿ ಉಳಿದ ಹಣದಿಂದ ಮೊದಲು ಹಳೆಯ ಪ್ರವೇಶ ಪುಸ್ತಕಗಳ ಎಲ್ಲ ಪುಟಗಳನ್ನೂ ಚಿತ್ರೀಕರಿಸಿ ಎರಡು ಕಡೆ ಇಡುವುದು. ಎರಡನೆಯದಾಗಿ, ಬರುವ ಜೂನ್ ಒಂದರಿಂದ ಒಂದು ಹೊಸ ಪುಸ್ತಕ ಆರಂಭಿಸುವುದು. ಶಾಲೆಯ ಅಂಗಳದಲ್ಲಿ ಮಳೆಮಾಪಕ ಇಟ್ಟು ದಿನವೂ ಬೆಳಗ್ಗೆ ಎಂಟೂವರೆಗೆ ಮಳೆಯ ಲೆಕ್ಕ. ತಿಂಗಳ ಮೊದಲ ಸೋಮವಾರ ಶಾಲೆಯ ಬಾವಿಯ ಮತ್ತು ಮಕ್ಕಳ ಮನೆಗಳಿಂದ ಆರಿಸಿದ ಹತ್ತು ಬಾವಿ, ಎರಡು ಸುರಂಗಗಳ ನೀರಿನ ಮಟ್ಟ. ತೋಡು ಹರಿಯುವುದು ನಿಂತ ದಿನಾಂಕ. ಊರಲ್ಲಿ ಹೊಸ ಔಷಧಿ ಸಿಂಪಡಿಸಿದರೆ ಅದರ ಹೆಸರು, ದಿನ. ಕಪ್ಪೆಯ ಕೂಗು ಮೊದಲು ಕೇಳಿದ ದಿನವನ್ನೂ ಬರೆಯಬೇಕೆಂದು ಆರನೆಯ ತರಗತಿಯ ಒಬ್ಬಳು ವಿದ್ಯಾರ್ಥಿನಿ ಸೂಚಿಸಿದಳು, ಅದನ್ನೂ ಸೇರಿಸಿದ್ದೇವೆ. ಬರೆಯುವವರು ಆರು, ಏಳನೆಯ ತರಗತಿಯ ಮಕ್ಕಳು, ಸರದಿಯ ಪ್ರಕಾರ, ರುಜು ಸಹಿತ. ಭಾಷೆ ಕನ್ನಡ. ಅನುವಾದ ಬೇಕಾದವರು ಮಾಡಿಸಿಕೊಳ್ಳಲಿ.

ಪುಸ್ತಕ ಈಗಾಗಲೇ ಕಟ್ಟಿಸಿ ಆಗಿದೆ, ಐನೂರು ಪುಟ, ದಪ್ಪ ರಟ್ಟು. ಮಳೆಮಾಪಕವನ್ನು ಸಂಘದ ಸದಸ್ಯರೊಬ್ಬರು ಹೆಸರು ಹೇಳಬಾರದೆಂಬ ಷರತ್ತಿನೊಂದಿಗೆ ಕೊಟ್ಟಿದ್ದಾರೆ. ಬಾವಿ ಅಳೆಯಲು ಗುರುತು ಹಾಕಿದ ಹಗ್ಗ ಹತ್ತು ಬೇಕು, ಅದು ಇನ್ನೂ ಆಗಬೇಕಷ್ಟೆ; ಸಭೆ ಮುಗಿದ ಮೇಲೆ ಆಸಕ್ತರು ಕಚೇರಿಯ ಬಳಿ ಸಿಗಬೇಕಾಗಿ ವಿನಂತಿ.